19–18: ಒಂದು ಕೆಟ್ಟ ಪಂದ್ಯ, ನಾಲ್ಕು ವರ್ಷದ ತಡ, 24 ಸೆಕೆಂಡು

ಬಾಸ್ಕೆಟ್‌ಬಾಲ್ ಕ್ವಿಜ್‌ಗಳಲ್ಲಿ ಪದೇ ಪದೇ ಬರುವ ಪ್ರಶ್ನೆಯೊಂದಿದೆ: ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಇತಿಹಾಸದಲ್ಲೇ ಅತಿ ಕಡಿಮೆ ಅಂಕಗಳು ಬಂದ ಪಂದ್ಯ ಯಾವುದು? ಉತ್ತರ: 1950ರ ನವೆಂಬರ್ 22, ಫೋರ್ಟ್ ವೇಯ್ನ್ ಪಿಸ್ಟನ್ಸ್ 19, ಮಿನಿಯಾಪೊಲಿಸ್ ಲೇಕರ್ಸ್ 18. ಉತ್ತರ ಹೇಳಿದವರು ಸಾಮಾನ್ಯವಾಗಿ ಇನ್ನೊಂದು ಸಾಲನ್ನೂ ಸೇರಿಸುತ್ತಾರೆ: ‘ಈ ಪಂದ್ಯದಿಂದಾಗಿಯೇ 24 ಸೆಕೆಂಡಿನ ಶಾಟ್ ಕ್ಲಾಕ್ ಬಂತು.’ (ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಅದನ್ನು ಬಾಸ್ಕೆಟ್‌ಗೆ ಎಸೆಯಲೇಬೇಕು ಎಂಬ ನಿಯಮ, ಅದನ್ನು ಎಣಿಸುವ ಗಡಿಯಾರ.) ಮೊದಲ ಮಾತು ಪೂರ್ತಿ ನಿಜ, ಎರಡನೆಯದು ಅರ್ಧ ನಿಜ. ಪಂದ್ಯ ನಡೆದದ್ದು 1950ರಲ್ಲಿ, ಶಾಟ್ ಕ್ಲಾಕ್ ಬಂದದ್ದು 1954ರಲ್ಲಿ. ರೋಗ ಕಣ್ಣಿಗೆ ಕಂಡ ಮೇಲೂ ಮದ್ದಿಗೆ ನಾಲ್ಕು ವರ್ಷ ಯಾಕೆ ಬೇಕಾಯಿತು ಎಂದು ಕೇಳಿಕೊಂಡರೆ ಕತೆ ಬೇರೆಯೇ ದಿಕ್ಕಿಗೆ ತಿರುಗುತ್ತದೆ.

ಆ ಸಂಜೆ ಮಿನಿಯಾಪೊಲಿಸ್ ಆಡಿಟೋರಿಯಂನಲ್ಲಿ ಏಳು ಸಾವಿರದಷ್ಟು ಜನ ಸೇರಿದ್ದರು. ಲೇಕರ್ಸ್ ಹಾಲಿ ಚಾಂಪಿಯನ್ನರು, ಅದಕ್ಕೂ ಮಿಗಿಲಾಗಿ ತವರಿನಲ್ಲಿ ಸತತ 29 ಪಂದ್ಯ ಗೆದ್ದವರು. (ಸರೋವರಗಳ ನಾಡಾದ ಮಿನೆಸೋಟಾದಲ್ಲಿ ಇದ್ದಾಗ ಬಂದ ಹೆಸರು ಅದು. ತಂಡ 1960ರಲ್ಲಿ ಲಾಸ್ ಏಂಜಲೀಸ್‌ಗೆ ಹೋದರೂ ಹೆಸರು ಜೊತೆಗೇ ಹೋಯಿತು.) ತಂಡದ ನಡುಗಂಬ ಜಾರ್ಜ್ ಮೈಕನ್, 6 ಅಡಿ 10 ಇಂಚು ಎತ್ತರ, ಕಣ್ಣಿಗೆ ದಪ್ಪ ಕನ್ನಡಕ. ಬಾಸ್ಕೆಟ್ ಕೆಳಗೆ ಆತನಿಗೆ ಚೆಂಡು ಸಿಕ್ಕಿತೆಂದರೆ ಎದುರಾಳಿಗಳು ಅಂಕವನ್ನು ಲೆಕ್ಕಕ್ಕೆ ಬರೆದುಕೊಳ್ಳುವುದೇ ಸೈ. ಹಿಂದಿನ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ತನ್ನ ಬಾಗಿಲ ಮೇಲಿನ ದೀಪದ ಫಲಕದಲ್ಲಿ ‘ಜಾರ್ಜ್ ಮೈಕನ್ ವಿರುದ್ಧ ನಿಕ್ಸ್’ ಎಂದೇ ಹಾಕಿತ್ತು. ಲೇಕರ್ಸ್ ಹೆಸರನ್ನೂ ಹಾಕುವ ಗೋಜಿಗೆ ಹೋಗಿರಲಿಲ್ಲ.

ಪಿಸ್ಟನ್ಸ್ ಕೋಚ್ ಮರ್ರಿ ಮೆಂಡೆನ್‌ಹಾಲ್ ಇಟ್ಟ ಲೆಕ್ಕ ಸರಳ. ಚೆಂಡು ಮೈಕನ್ ಕೈಗೆ ಹೋದರೆ ಅಂಕ ಬರುತ್ತದೆ. ಚೆಂಡು ನಮ್ಮ ಕೈಯಲ್ಲೇ ಇದ್ದರೆ ಹೋಗುವುದಾದರೂ ಹೇಗೆ? ಆಗ ಇಂತಿಷ್ಟು ಹೊತ್ತಿನಲ್ಲಿ ಚೆಂಡನ್ನು ಬಾಸ್ಕೆಟ್‌ಗೆ ಎಸೆಯಲೇಬೇಕು ಎಂಬ ನಿಯಮ ಇರಲಿಲ್ಲ. ಪಿಸ್ಟನ್ಸ್ ಆಟಗಾರರು ಅಂಕಣದ ನಡುಗೆರೆಯ ಆಸುಪಾಸಿನಲ್ಲಿ ಚೆಂಡನ್ನು ಹಿಡಿದುಕೊಂಡು ನಿಂತರು, ಒಬ್ಬರಿಂದೊಬ್ಬರಿಗೆ ದಾಟಿಸಿದರು, ಮತ್ತೆ ಹಿಡಿದುಕೊಂಡು ನಿಂತರು. ಜನ ಕೂಗಿದರು, ಕಾಲು ಬಡಿದರು, ಛೀಮಾರಿ ಹಾಕಿದರು. ಆಟ ಹಾಗೆಯೇ ಸಾಗಿತು.

ಅಂಕಪಟ್ಟಿಯನ್ನು ಹತ್ತಿರದಿಂದ ನೋಡಬೇಕು, ಓದುತ್ತ ಹೋದಂತೆ ನಗುವೂ ಬರುತ್ತದೆ. ಮೊದಲ ಕ್ವಾರ್ಟರ್ ಮುಗಿದಾಗ ಪಿಸ್ಟನ್ಸ್ 8–7ರಿಂದ ಮುಂದೆ. ಅರ್ಧ ವೇಳೆಗೆ ಲೇಕರ್ಸ್ 13–11. ಮೂರನೆಯ ಕ್ವಾರ್ಟರ್ ಕೊನೆಗೆ ಲೇಕರ್ಸ್ 17–16. ಕೊನೆಯ ಕ್ವಾರ್ಟರ್‌ನ ಹನ್ನೆರಡು ನಿಮಿಷದಲ್ಲಿ ಎರಡೂ ತಂಡ ಸೇರಿ ಗಳಿಸಿದ್ದು ನಾಲ್ಕೇ ಅಂಕ. ಇಡೀ ಪಂದ್ಯದಲ್ಲಿ ಬಿದ್ದ ಫೀಲ್ಡ್ ಗೋಲ್ (ಆಟದ ನಡುವೆ ಹಾಕುವ ಎರಡು ಅಂಕದ ಎಸೆತ) ಎಂಟು, ಒಂದೊಂದು ತಂಡಕ್ಕೆ ನಾಲ್ಕು. ಲೇಕರ್ಸ್‌ನ ಆ ನಾಲ್ಕೂ ಮೈಕನ್‌ದೇ. ಜೊತೆಗೆ ಏಳು ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ, ಅಡ್ಡಿಯಿಲ್ಲದ ಒಂದು ಅಂಕದ ಎಸೆತ), ಒಟ್ಟು 15. ಉಳಿದ ಮೂರು ಅಂಕಗಳಲ್ಲಿ ಬಾಬ್ ಹ್ಯಾರಿಸನ್‌ಗೆ ಎರಡು, ಜಿಮ್ ಪೊಲಾರ್ಡ್‌ಗೆ ಒಂದು, ಅವೂ ಫ್ರೀ ಥ್ರೋಗಳೇ. ಪಿಸ್ಟನ್ಸ್ ಕಡೆಯಿಂದ ಅತಿ ಹೆಚ್ಚು ಗಳಿಸಿದ ಜಾನ್ ಓಲ್ಡಮ್ ಹೆಸರಿನ ಮುಂದೆ ಇರುವ ಅಂಕಿ 5.

ಕೊನೆಯ ಘಳಿಗೆಯಲ್ಲಿ ಲೇಕರ್ಸ್ 18–17ರಿಂದ ಮುಂದಿದ್ದರು. ಇನ್ನೇನು ಮುಗಿಯಿತು ಎನ್ನುವಾಗ ಕರ್ಲಿ ಆರ್ಮ್‌ಸ್ಟ್ರಾಂಗ್ ಕೊಟ್ಟ ಪಾಸ್ ಹಿಡಿದು ಲ್ಯಾರಿ ಫೌಸ್ಟ್ ಎಂಬ ಹೊಸ ಹುಡುಗ, ಅದೇ ವರ್ಷ ಲೀಗ್‌ಗೆ ಕಾಲಿಟ್ಟವನು, ಮೈಕನ್ ಚಾಚಿದ ಕೈಯ ಮೇಲಿಂದ ಚೆಂಡನ್ನು ಒಳಗೆ ಹಾಕಿದ. 19–18. ಲೇಕರ್ಸ್‌ನ ತವರಿನ ಸರಣಿ ಅಲ್ಲಿಗೆ ಕಡಿಯಿತು.

ಇದರಲ್ಲಿ ತಪ್ಪು ಯಾರದು? ಅಂದಿನ ಪ್ರೇಕ್ಷಕರಿಗೆ ಸಂಶಯವೇ ಇರಲಿಲ್ಲ, ಎಲ್ಲ ಸಿಟ್ಟೂ ಪಿಸ್ಟನ್ಸ್ ಮೇಲೆ. ನನಗೆ ಹಾಗನ್ನಿಸುವುದಿಲ್ಲ. ಮೆಂಡೆನ್‌ಹಾಲ್ ಮುರಿದ ನಿಯಮ ಒಂದೂ ಇಲ್ಲ. ಹಿಂದಿನ 29 ಪಂದ್ಯಗಳ ಎದುರಾಳಿಗಳಿಗೆ ಆಗದ್ದನ್ನು ತನ್ನ ದುರ್ಬಲ ತಂಡದಿಂದ ಮಾಡಿಸಿದ ಕೋಚ್‌ಗೆ ಬೈಯುವುದು ಹೇಗೆ? ಇನ್ನೊಂದು ವಿಷಯ: ಚೆಂಡು ಹಿಡಿದು ನಿಂತವರನ್ನು ಅಂಟಿಕೊಂಡು ಕಾಡುವ ದಾರಿ ಲೇಕರ್ಸ್‌ಗೆ ಇದ್ದೇ ಇತ್ತು. ಆದರೆ ಮೈಕನ್‌ನನ್ನು ಬಾಸ್ಕೆಟ್ ಕೆಳಗಿನಿಂದ ದೂರ ಎಳೆದು ತಂದರೆ ಹಿಂದೆ ಬಯಲು ಬಿಟ್ಟಂತೆ. ಹಾಗಾಗಿ ಅವರೂ ತಮ್ಮ ಜಾಗ ಬಿಟ್ಟು ಕದಲಲಿಲ್ಲ. ಒಬ್ಬರು ಬರುವುದಿಲ್ಲ, ಇನ್ನೊಬ್ಬರು ಹೋಗುವುದಿಲ್ಲ. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಜಾಣರೇ. ಮೊದಲು ಕದಲಿದವನಿಗೇ ನಷ್ಟ ಎಂಬ ನಿಯಮಗಳಿದ್ದರೆ ಯಾರೂ ಕದಲುವುದಿಲ್ಲ, ಅಷ್ಟೇ.

ಕಬಡ್ಡಿ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುನ್ನಡೆಯಲ್ಲಿರುವ ತಂಡದ ರೈಡರ್ ಬಾಕ್ ಲೈನ್ ದಾಟಿ, ನಾಲ್ಕು ಹೆಜ್ಜೆ ಕುಣಿದು, ಕೈ ಬೀಸಿ ಬರಿಗೈಯಲ್ಲಿ ವಾಪಸು ಬರುವುದನ್ನು ತಡೆಯಲು ಪ್ರೊ ಕಬಡ್ಡಿಯಲ್ಲಿ ಡೂ ಆರ್ ಡೈ ರೈಡ್ ಇಟ್ಟಿದ್ದಾರೆ: ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ಔಟ್. ರೈಡರ್‌ನ ಸ್ವಭಾವ ಬದಲಾಗಲಿಲ್ಲ, ಸುಮ್ಮನಿರುವುದು ದುಬಾರಿಯಾಯಿತು.

ಎನ್‌ಬಿಎಗೆ ಈ ಬುದ್ಧಿ ತಕ್ಷಣ ಬರಲಿಲ್ಲ. ಲೀಗ್ ಅಧ್ಯಕ್ಷ ಮೌರಿಸ್ ಪೊಡೊಲಾಫ್ ಅಸಮಾಧಾನಪಟ್ಟರು, ಪ್ರೇಕ್ಷಕರ ಬಗ್ಗೆ ತಂಡಗಳು ಯೋಚಿಸಲಿಲ್ಲ ಎಂಬ ಅರ್ಥದಲ್ಲಿ ಮಾತಾಡಿದರು. ಇನ್ನು ಮುಂದೆ ಹೀಗೆ ಮಾಡುವುದು ಬೇಡ ಎಂಬ ಸಜ್ಜನರ ಒಪ್ಪಂದದ ಮಾತೂ ಬಂತು. ಏಳು ವಾರಗಳೊಳಗೆ, 1951ರ ಜನವರಿ 6ರಂದು, ರಾಚೆಸ್ಟರ್ ರಾಯಲ್ಸ್ ಮತ್ತು ಇಂಡಿಯಾನಾಪೊಲಿಸ್ ಒಲಿಂಪಿಯನ್ಸ್ ಆಡಿದರು. ನಿಗದಿತ ವೇಳೆ ಮುಗಿದಾಗ 65–65. ಅಲ್ಲಿಂದ ಸಮಬಲ ಮುರಿಯಲು ಐದೈದು ನಿಮಿಷದ ಆರು ಓವರ್‌ಟೈಮ್. ಪ್ರತಿ ಓವರ್‌ಟೈಮ್‌ನಲ್ಲೂ ಚೆಂಡು ಸಿಕ್ಕ ತಂಡ ಕೊನೆಯ ಒಂದೇ ಎಸೆತಕ್ಕಾಗಿ ಅದನ್ನು ಹಿಡಿದುಕೊಂಡು ನಿಂತಿತು. ಆರು ಓವರ್‌ಟೈಮ್, ಅಂದರೆ 30 ನಿಮಿಷ. ಆ 30 ನಿಮಿಷದಲ್ಲಿ ಎರಡೂ ತಂಡ ಸೇರಿ ಗಳಿಸಿದ್ದು 18 ಅಂಕ. ಒಲಿಂಪಿಯನ್ಸ್ 75–73ರಿಂದ ಗೆದ್ದರು. ಸಜ್ಜನರ ಒಪ್ಪಂದದ ಆಯುಸ್ಸು ಅಷ್ಟೇ.

ಇಷ್ಟಿದ್ದರೂ ಈ ಎರಡು ಪಂದ್ಯಗಳನ್ನೇ ಹಿಡಿದು ಆ ಕಾಲದ ಬಾಸ್ಕೆಟ್‌ಬಾಲ್ ಹೀಗಿತ್ತು ಎಂದುಕೊಂಡರೆ ದಾರಿ ತಪ್ಪುತ್ತದೆ. ಅದೇ ಋತುವಿನಲ್ಲಿ ಪಂದ್ಯವೊಂದಕ್ಕೆ ಪ್ರತಿ ತಂಡದ ಸರಾಸರಿ ಗಳಿಕೆ 80 ಅಂಕಕ್ಕೂ ಮೇಲಿತ್ತು. 19–18 ಒಂದು ಅಪವಾದ. ದಿನದಿನವೂ ಲೀಗನ್ನು ತಿನ್ನುತ್ತಿದ್ದ ರೋಗ ಇನ್ನೊಂದು: ಫೌಲ್, ಅಂದರೆ ಎದುರಾಳಿಯನ್ನು ನಿಯಮ ಮೀರಿ ತಡೆಯುವುದು.

ಅದರ ಲೆಕ್ಕ ಹೀಗೆ. ಮೂರನೆಯ ಅಥವಾ ನಾಲ್ಕನೆಯ ಕ್ವಾರ್ಟರ್‌ನಲ್ಲಿ ಒಂದು ತಂಡ ಮುನ್ನಡೆ ಪಡೆಯಿತು ಎನ್ನೋಣ. ಅದು ಚೆಂಡನ್ನು ಹಿಡಿದು ನಿಲ್ಲುತ್ತದೆ. ಹಿಂದಿರುವ ತಂಡಕ್ಕೆ ಚೆಂಡು ಬೇಕು, ಬೇರೆ ದಾರಿ ಇಲ್ಲ, ಹಾಗಾಗಿ ಬೇಕೆಂದೇ ಫೌಲ್ ಮಾಡುತ್ತದೆ. ಬಾಸ್ಕೆಟ್‌ಗೆ ಎಸೆಯುತ್ತಿರದ ಆಟಗಾರನ ಮೇಲಿನ ಸಾಮಾನ್ಯ ಫೌಲ್‌ಗೆ ಸಿಗುತ್ತಿದ್ದದ್ದು ಒಂದೇ ಫ್ರೀ ಥ್ರೋ. ಅದು ಬಿದ್ದರೂ ಕೊಟ್ಟದ್ದು ಒಂದು ಅಂಕ, ಬದಲಿಗೆ ಚೆಂಡು ತಮ್ಮ ಕೈಗೆ, ಅದರಿಂದ ಎರಡು ಅಂಕ. ಒಂದು ಕೊಟ್ಟು ಎರಡು ತೆಗೆದುಕೊಳ್ಳುವ ವ್ಯಾಪಾರವನ್ನು ಯಾರು ಬಿಡುತ್ತಾರೆ? ಆಗ ಮುಂದಿರುವ ತಂಡವೂ ಅದನ್ನೇ ಶುರು ಮಾಡುತ್ತದೆ. ಕೊನೆಯ ಹತ್ತು ನಿಮಿಷ ಶಿಳ್ಳೆ, ನಡಿಗೆ, ಫ್ರೀ ಥ್ರೋ, ಮತ್ತೆ ಶಿಳ್ಳೆ.

ಇದರ ಪರಮಾವಧಿ 1953ರ ಮಾರ್ಚ್ 21ರಂದು ಬಾಸ್ಟನ್ ಗಾರ್ಡನ್‌ನಲ್ಲಿ ನಡೆದ ಪ್ಲೇಆಫ್ ಪಂದ್ಯ. ಬಾಸ್ಟನ್ ಸೆಲ್ಟಿಕ್ಸ್, ಸಿರಕ್ಯೂಸ್ ನ್ಯಾಷನಲ್ಸ್, ನಾಲ್ಕು ಓವರ್‌ಟೈಮ್, ನೂರಕ್ಕೂ ಹೆಚ್ಚು ಫೌಲ್. ಕಾಲು ನೋವಿನಲ್ಲೇ ಆಡಿದ ಬಾಬ್ ಕೂಸಿ 50 ಅಂಕ ಗಳಿಸಿದ, ಸೆಲ್ಟಿಕ್ಸ್ 111–105ರಿಂದ ಗೆದ್ದಿತು. ಕೂಸಿಯ 50 ಎಂದರೆ ಇವತ್ತಿಗೂ ನೆನೆಯುವ ಸಾಹಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ 50ರಲ್ಲಿ ಫೀಲ್ಡ್ ಗೋಲ್ ಹತ್ತು ಮಾತ್ರ. ಉಳಿದ 30 ಅಂಕ ಫ್ರೀ ಥ್ರೋ ಗೆರೆಯ ಮೇಲೆ ನಿಂತು, 32 ಎಸೆತದಲ್ಲಿ 30 ಹಾಕಿ ಗಳಿಸಿದ್ದು. ಲೀಗ್‌ನ ಅತ್ಯಂತ ಚುರುಕು ಕೈಚಳಕದ ಆಟಗಾರ ಚೆಂಡು ಪುಟಿಸುತ್ತ ಕಾಲ ಕಳೆಯುವುದು, ಎದುರಾಳಿ ಆತನನ್ನು ಹಿಡಿದು ನಿಲ್ಲಿಸುವುದು: ಪಂದ್ಯದ ಬಹುಭಾಗ ಇದೇ ನಡೆಯಿತು.

ಸೋತ ಸಿರಕ್ಯೂಸ್ ತಂಡದ ಮಾಲೀಕನೇ ಡ್ಯಾನಿ ಬಿಯಾಸೋನ್. ಇಟಲಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ಮನುಷ್ಯ, ಊರಿನಲ್ಲಿ ಬೌಲಿಂಗ್ ಆಲಿ (ಗುಂಡು ಉರುಳಿಸಿ ಪಿನ್ ಬೀಳಿಸುವ ಆಟದ ಮನೆ) ನಡೆಸುತ್ತಿದ್ದ. ಪಿಸ್ಟನ್ಸ್‌ನ ಫ್ರೆಡ್ ಜೋಲ್ನರ್‌ನಂತೆ ಪಿಸ್ಟನ್ ಕಾರ್ಖಾನೆಯ ಒಡೆಯನೂ ಅಲ್ಲ, ನ್ಯೂಯಾರ್ಕ್‌ನವರಂತೆ ದೊಡ್ಡ ಅಖಾಡ ಇಟ್ಟುಕೊಂಡವನೂ ಅಲ್ಲ. ಜನ ಟಿಕೆಟ್ ಕೊಳ್ಳದಿದ್ದರೆ ಮೊದಲು ಮುಳುಗುವ ದೋಣಿ ಆತನದೇ. 1949–50ರಲ್ಲಿ 17 ತಂಡಗಳಿದ್ದ ಲೀಗ್ 1953–54ಕ್ಕೆ ಒಂಬತ್ತಕ್ಕೆ ಇಳಿದಿತ್ತು. ಆ ಋತುವಿನಲ್ಲಿ ತಂಡಗಳ ಸರಾಸರಿ ಅಂಕವೂ 79.5ಕ್ಕೆ ಬಂದು ನಿಂತಿತ್ತು.

ಆ ನಡುವೆ ಲೀಗ್ ಕೈಕಟ್ಟಿ ಕೂತಿರಲಿಲ್ಲ. ಕೊನೆಯ ನಿಮಿಷಗಳಲ್ಲಿ ಫೌಲ್ ಆದರೆ ಫ್ರೀ ಥ್ರೋ ಬಳಿಕ ಜಂಪ್ ಬಾಲ್ (ಇಬ್ಬರ ನಡುವೆ ಚೆಂಡನ್ನು ಮೇಲಕ್ಕೆಸೆದು ಹಾರಿ ಪಡೆಯಲು ಬಿಡುವುದು) ಇಡುವುದೂ ಸೇರಿದಂತೆ ನಿಯಮಕ್ಕೆ ತೇಪೆ ಹಚ್ಚುತ್ತಲೇ ಬಂದರು. ಎಲ್ಲ ತೇಪೆಯೂ ಫೌಲ್ ಮಾಡುವವನ ಕೈ ಕಟ್ಟಲು ಹೊರಟಿತ್ತು. ಆತ ಫೌಲ್ ಮಾಡುತ್ತಿದ್ದದ್ದು ಎದುರಿನವನು ಚೆಂಡು ಬಿಡದ ಕಾರಣಕ್ಕೆ ಎಂಬುದನ್ನು ಯಾವ ತೇಪೆಯೂ ಮುಟ್ಟಲಿಲ್ಲ. ಬಿಯಾಸೋನ್ ಹಿಡಿದದ್ದು ಆ ತುದಿಯನ್ನು.

ಆತ ಮತ್ತು ತಂಡದ ಜನರಲ್ ಮ್ಯಾನೇಜರ್ ಲಿಯೋ ಫೆರಿಸ್ ಮಾಡಿದ ಲೆಕ್ಕ ಪ್ರಸಿದ್ಧ. ನೋಡಲು ಖುಷಿ ಕೊಟ್ಟ ಪಂದ್ಯಗಳ ಅಂಕಪಟ್ಟಿ ತೆಗೆದು ನೋಡಿದರು, ಅವುಗಳಲ್ಲಿ ಒಂದೊಂದು ತಂಡ ಸುಮಾರು 60 ಸಲ ಬಾಸ್ಕೆಟ್‌ಗೆ ಎಸೆದಿತ್ತು. ಎರಡು ತಂಡ ಸೇರಿ 120. ಪಂದ್ಯ 48 ನಿಮಿಷ, ಅಂದರೆ 2,880 ಸೆಕೆಂಡು. 2,880ನ್ನು 120ರಿಂದ ಭಾಗಿಸಿದರೆ 24.

ಶಾಲಾ ಹುಡುಗರೂ ಮಾಡುವ ಭಾಗಾಕಾರ. ಆದರೆ ಸ್ವಲ್ಪ ತಡೆದು ನೋಡಿದರೆ ಇದರಲ್ಲಿ ಒಂದು ಸೋಜಿಗ ಕಾಣುತ್ತದೆ. 1953–54ರಲ್ಲಿ ಎನ್‌ಬಿಎ ತಂಡವೊಂದು ಸರಾಸರಿ 75ರಷ್ಟು ಎಸೆತ ಎಸೆಯುತ್ತಿತ್ತು. 60 ಎಂಬುದು ಅದಕ್ಕಿಂತ ಕಡಿಮೆ! ಹಾಗಾದರೆ ಈ ನಿಯಮ ಆಟವನ್ನು ವೇಗ ಮಾಡಿದ್ದು ಹೇಗೆ? 24 ಸೆಕೆಂಡನ್ನು ಗುರಿ ಎಂದು ಓದಿದರೆ ಅರ್ಥವಾಗುವುದಿಲ್ಲ. ಅದು ಹೊರಗಿನ ಮಿತಿ. ಮಾಮೂಲು ಆಟದಲ್ಲಿ ಯಾರಿಗೂ 24 ಸೆಕೆಂಡು ಬೇಕಿರಲಿಲ್ಲ, ಮೊದಲೂ ಅದಕ್ಕಿಂತ ಬೇಗನೇ ಎಸೆಯುತ್ತಿದ್ದರು. ಮುನ್ನಡೆ ಸಿಕ್ಕ ಮೇಲಿನ ಕುಳಿತಾಟವನ್ನಷ್ಟೇ ಅದು ಕತ್ತರಿಸಿತು. ಭಾಗಾಕಾರ ತಂದುಕೊಟ್ಟ ಅಂಕಿ ಕರಾರುವಾಕ್ಕಾದದ್ದೇನಲ್ಲ, 22 ಅಥವಾ 26 ಇದ್ದಿದ್ದರೂ ನಡೆಯುತ್ತಿತ್ತು ಎಂದೇ ನನ್ನ ಎಣಿಕೆ. ಆದರೆ ಸಭೆಯಲ್ಲಿ ಕೂತ ಉಳಿದ ಮಾಲೀಕರ ಮುಂದೆ ‘ನನಗೆ ಹೀಗನ್ನಿಸುತ್ತದೆ’ ಎನ್ನುವುದಕ್ಕಿಂತ ‘ಲೆಕ್ಕ ಹಾಕಿದ್ದೇವೆ, 24 ಬಂತು’ ಎನ್ನುವುದಕ್ಕೆ ತೂಕ ಹೆಚ್ಚು.

ಮಾತಿಗಿಂತ ತೂಕದ್ದು ಇನ್ನೊಂದಿತ್ತು, ಕಣ್ಣಾರೆ ತೋರಿಸುವುದು. 1954ರ ಆಗಸ್ಟ್ 10ರಂದು ಸಿರಕ್ಯೂಸ್‌ನ ವೊಕೇಶನಲ್ ಹೈಸ್ಕೂಲಿನ ಜಿಮ್‌ನಲ್ಲಿ ಬಿಯಾಸೋನ್ ಒಂದು ಪ್ರಯೋಗದ ಪಂದ್ಯ ಆಡಿಸಿದ. ಡಾಲ್ಫ್ ಶೇಯ್ಸ್ ಮುಂತಾದ ತನ್ನ ಆಟಗಾರರನ್ನೂ ಊರಿನ ಇತರರನ್ನೂ ಇಳಿಸಿದ, ನೋಡಲು ಲೀಗ್‌ನವರನ್ನು ಕರೆಸಿದ. ಆರಂಭದಲ್ಲಿ ಎಲ್ಲರಿಗೂ ಗಾಬರಿ. ಚೆಂಡು ಕೈಗೆ ಬಂದ ತಕ್ಷಣ, ಏಳೆಂಟು ಸೆಕೆಂಡಿನಲ್ಲೇ, ಎಲ್ಲಿದ್ದರೆ ಅಲ್ಲಿಂದ ಎಸೆಯತೊಡಗಿದರು. ಅವಸರ ಬೇಡ, 24 ಸೆಕೆಂಡು ಎಂದರೆ ಬೇಕಾದಷ್ಟು ಸಮಯ ಎಂದು ಬಿಯಾಸೋನ್ ಸಮಾಧಾನ ಹೇಳಬೇಕಾಯಿತು. ಸ್ವಲ್ಪ ಹೊತ್ತಿಗೆ ಆಟಗಾರರಿಗೂ ಅದು ಹೌದೆನಿಸಿತು. ಒಂದು ಪಾಸ್, ಇನ್ನೊಂದು ಪಾಸ್, ಜಾಗ ಹುಡುಕುವುದು, ಎಸೆಯುವುದು, ಇಷ್ಟಕ್ಕೆಲ್ಲ ಬಿಡುವಿದೆ. ಬಿಡುವಿಲ್ಲದ್ದು ನಿಂತುಕೊಳ್ಳುವುದಕ್ಕೆ ಮಾತ್ರ.

ಆ ವರ್ಷ ನಿಯಮ ಪುಸ್ತಕಕ್ಕೆ ಎರಡು ಸಂಗತಿ ಸೇರಿದವು. ಒಂದು ಶಾಟ್ ಕ್ಲಾಕ್. ಇನ್ನೊಂದನ್ನು ಕ್ವಿಜ್ ಮಾಸ್ತರರು ಕೇಳುವುದೇ ಇಲ್ಲ: ಒಂದು ಕ್ವಾರ್ಟರ್‌ನಲ್ಲಿ ಒಂದು ತಂಡಕ್ಕೆ ಆರು ಫೌಲ್ ಮಾತ್ರ, ಅದನ್ನು ಮೀರಿದರೆ ಎದುರಾಳಿಗೆ ಒಂದು ಫ್ರೀ ಥ್ರೋ ಹೆಚ್ಚು. ಒಂದು ಕೊಟ್ಟು ಎರಡು ಪಡೆಯುವ ವ್ಯಾಪಾರ ಅಲ್ಲಿಗೆ ಎರಡು ಕೊಟ್ಟು ಎರಡು ಪಡೆಯುವಂತಾಯಿತು. ನನ್ನ ಮಟ್ಟಿಗೆ ಈ ಎರಡನೆಯದಿಲ್ಲದೆ ಮೊದಲನೆಯದು ಅರ್ಧ ಔಷಧ. ಶಾಟ್ ಕ್ಲಾಕ್ ಒಂದೇ ಇದ್ದಿದ್ದರೆ, ಎದುರಿನವನು ಎಸೆಯುವ ಮೊದಲೇ ಅಗ್ಗದ ಫೌಲ್ ಮಾಡಿ ಒಂದಕ್ಕೆ ಕಟ್ಟಿಹಾಕುವ ಜಾಣತನ ಉಳಿದೇ ಇರುತ್ತಿತ್ತು. ಫೌಲ್ ಮಿತಿ ಒಂದೇ ಇದ್ದಿದ್ದರೆ, ಮುಂದಿರುವವನು ಆರಾಮಾಗಿ ಚೆಂಡು ಹಿಡಿದು ನಿಲ್ಲುತ್ತಿದ್ದ.

1954ರ ಅಕ್ಟೋಬರ್ 30ರಂದು ಶಾಟ್ ಕ್ಲಾಕ್ ಇಟ್ಟು ಆಡಿದ ಮೊದಲ ಪಂದ್ಯದಲ್ಲಿ ರಾಚೆಸ್ಟರ್, ಅದೇ ಆರು ಓವರ್‌ಟೈಮ್‌ನ ರಾಚೆಸ್ಟರ್, ಬಾಸ್ಟನ್ನನ್ನು 98–95ರಿಂದ ಸೋಲಿಸಿತು. ಋತು ಮುಗಿದಾಗ ತಂಡವೊಂದರ ಸರಾಸರಿ ಅಂಕ 79.5ರಿಂದ 93.1ಕ್ಕೆ ಏರಿತ್ತು, ಎಸೆತಗಳು 75ರಿಂದ 86ರ ಆಸುಪಾಸಿಗೆ. ಬಾಸ್ಟನ್ ತಂಡದ ಸರಾಸರಿ ನೂರು ದಾಟಿತು, ಲೀಗ್‌ನಲ್ಲಿ ಅದೇ ಮೊದಲು. ಎಲ್ಲರೂ ಬದುಕಿಕೊಂಡರೆಂದಲ್ಲ, ಬಾಲ್ಟಿಮೋರ್ ಬುಲೆಟ್ಸ್ ಆ ನವೆಂಬರ್‌ನಲ್ಲೇ ಮುಚ್ಚಿಹೋಗಿ ಎಂಟು ತಂಡ ಉಳಿದವು. ಆದರೆ ಆ ಎಂಟೂ ಇಂದಿಗೂ ಇವೆ, ಕೆಲವು ಊರು ಬದಲಿಸಿ, ಕೆಲವು ಹೆಸರೂ ಬದಲಿಸಿ. ಇಷ್ಟಾದ ಮೇಲೂ ಮಂದ ಪಂದ್ಯ ಪೂರ್ತಿ ನಿಲ್ಲಲಿಲ್ಲ. 1955ರ ಫೆಬ್ರವರಿ 27ರಂದು ಬಾಸ್ಟನ್ 62–57ರಿಂದ ಮಿಲ್ವಾಕಿ ಹಾಕ್ಸ್ ಮೇಲೆ ಗೆದ್ದಿತು, ಎರಡೂ ಸೇರಿ 119. ಶಾಟ್ ಕ್ಲಾಕ್ ಬಂದಮೇಲಿನ ಅತಿ ಕಡಿಮೆ ಮೊತ್ತ ಎಂಬ ದಾಖಲೆ ಅದರದು.

1955ರ ಫೈನಲ್ಸ್‌ನಲ್ಲಿ ಬಿಯಾಸೋನ್‌ನ ಸಿರಕ್ಯೂಸ್‌ಗೆ ಎದುರಾದದ್ದು ಯಾರು? ಫೋರ್ಟ್ ವೇಯ್ನ್ ಪಿಸ್ಟನ್ಸ್. ಲ್ಯಾರಿ ಫೌಸ್ಟ್ ಇನ್ನೂ ಆ ತಂಡದಲ್ಲೇ ಇದ್ದ. ಪಿಸ್ಟನ್ಸ್‌ನ ತವರಿನ ಪಂದ್ಯಗಳನ್ನು ಇಂಡಿಯಾನಾಪೊಲಿಸ್‌ನಲ್ಲಿ ಆಡಬೇಕಾಯಿತು, ಏಕೆಂದರೆ ಅವರ ಅಖಾಡವನ್ನು ಒಂದು ಟೂರ್ನಮೆಂಟ್‌ಗೆ ಮೊದಲೇ ಕೊಟ್ಟಾಗಿತ್ತು. ಯಾವ ಟೂರ್ನಮೆಂಟ್? ಬೌಲಿಂಗ್! ಎದುರಾಳಿ ತಂಡದ ಮಾಲೀಕ ಬೌಲಿಂಗ್ ಆಲಿಯವನು ಎಂಬುದನ್ನು ನೆನೆದು ಫೋರ್ಟ್ ವೇಯ್ನ್‌ನಲ್ಲಿ ಎಷ್ಟು ಜನ ಹಲ್ಲು ಕಡಿದರೋ.

ಸರಣಿ 3–3. ಏಳನೆಯ ಪಂದ್ಯ ಏಪ್ರಿಲ್ 10, ಸಿರಕ್ಯೂಸ್‌ನಲ್ಲಿ. ಎರಡನೆಯ ಕ್ವಾರ್ಟರ್‌ನಲ್ಲಿ ಪಿಸ್ಟನ್ಸ್ 41–24ರಿಂದ ಮುಂದೆ, 17 ಅಂಕಗಳ ಅಂತರ. ಹಿಂದಿನ ವರ್ಷವಾಗಿದ್ದರೆ ಅಲ್ಲಿಂದ ಮುಂದೆ ಏನಾಗುತ್ತಿತ್ತು ಎಂದು ಊಹಿಸಲು ಜ್ಯೋತಿಷಿ ಬೇಕಿಲ್ಲ. ಈಗ ಪ್ರತಿ 24 ಸೆಕೆಂಡಿಗೊಮ್ಮೆ ಎಸೆಯಲೇಬೇಕು, ತಪ್ಪಿದರೆ ಚೆಂಡು ಸಿರಕ್ಯೂಸ್‌ಗೆ. ಅಂತರ ಕರಗುತ್ತ ಬಂದು 91–91ಕ್ಕೆ ನಿಂತಿತು. 12 ಸೆಕೆಂಡು ಉಳಿದಾಗ ಜಾರ್ಜ್ ಕಿಂಗ್ ಒಂದು ಫ್ರೀ ಥ್ರೋ ಹಾಕಿದ, ಮರುಕ್ಷಣ ಪಿಸ್ಟನ್ಸ್‌ನ ಆಂಡಿ ಫಿಲಿಪ್ ಕೈಯಿಂದ ಚೆಂಡನ್ನೂ ಕಸಿದ. 92–91. ಸಿರಕ್ಯೂಸ್ ಚಾಂಪಿಯನ್. ನಿಯಮ ತಂದವನಿಗೇ ಮೊದಲ ಫಲ ಎಂದು ಯಾರಾದರೂ ಕುಹಕವಾಡಿದ್ದರೆ ತಪ್ಪೆನ್ನಲಾರೆ.

ಮೈಕನ್ ವಿಚಾರ ಬೇಗ ಮುಗಿಸಬಹುದು. ಆತನನ್ನು ಕಟ್ಟಿಹಾಕಲೆಂದೇ 1951ರಲ್ಲಿ ಬಾಸ್ಕೆಟ್ ಮುಂದಿನ ಲೇನನ್ನು (ದಾಳಿಯ ಆಟಗಾರ ಹೆಚ್ಚು ಹೊತ್ತು ನಿಲ್ಲುವಂತಿಲ್ಲದ ಪಟ್ಟೆ) 6 ಅಡಿಯಿಂದ 12 ಅಡಿಗೆ ಅಗಲಿಸಿದ್ದರು. ಶಾಟ್ ಕ್ಲಾಕ್ ಬರುವ ಹೊತ್ತಿಗೆ ಆತ ನಿವೃತ್ತನಾಗಿದ್ದ. ಒಂದು ವರ್ಷದ ಬಳಿಕ ಮರಳಿ 37 ಪಂದ್ಯ ಆಡಿದ, ಸರಾಸರಿ ಹತ್ತೂವರೆ ಅಂಕ. ಓಡಾಟದ ಆಟ ಆತನ ಕಾಲುಗಳಿಗೆ ಒಗ್ಗಲಿಲ್ಲ. ಮುಂದೆ 1967ರಲ್ಲಿ ಎಬಿಎ ಎಂಬ ಪ್ರತಿಸ್ಪರ್ಧಿ ಲೀಗ್‌ನ ಕಮಿಷನರ್ ಆಗಿ ಮೂರು ಅಂಕದ ಗೆರೆಯನ್ನೂ ಕೆಂಪು-ಬಿಳಿ-ನೀಲಿ ಚೆಂಡನ್ನೂ ತಂದವನು ಇದೇ ಮೈಕನ್.

ಇಷ್ಟು ಸ್ಪಷ್ಟ ಫಲಿತಾಂಶ ಕಣ್ಣೆದುರಿಗಿದ್ದರೂ ಅಮೆರಿಕದ ಪುರುಷರ ಕಾಲೇಜು ಬಾಸ್ಕೆಟ್‌ಬಾಲ್ ಮೂವತ್ತು ವರ್ಷ ಒಪ್ಪಲಿಲ್ಲ. 1982ರಲ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಫೈನಲ್‌ನಲ್ಲಿ ನಾರ್ತ್ ಕೆರೊಲಿನಾ ತಂಡ ವರ್ಜೀನಿಯಾ ವಿರುದ್ಧ ನಿಮಿಷಗಟ್ಟಲೆ ಚೆಂಡು ಹಿಡಿದು ನಿಂತು 47–45ರಿಂದ ಗೆದ್ದಿತು. ದೇಶವೆಲ್ಲ ಟಿವಿಯಲ್ಲಿ ನೋಡುತ್ತಿತ್ತು. ಹಾಗೆ ನಿಂತ ತಂಡದಲ್ಲಿ ಮೈಕೆಲ್ ಜೋರ್ಡನ್ ಎಂಬ ಮೊದಲ ವರ್ಷದ ವಿದ್ಯಾರ್ಥಿಯೂ ಇದ್ದ. ಜೋರ್ಡನ್ ಕೈಯಿಂದ ಚೆಂಡನ್ನು ಎಸೆಯಿಸದೆ ಇಡಬಲ್ಲ ನಿಯಮಗಳಿಗೆ ಬೇರೆ ದೋಷಾರೋಪ ಬೇಕೇ? 1985–86ರಲ್ಲಿ ಅಲ್ಲೂ 45 ಸೆಕೆಂಡಿನ ಮಿತಿ ಬಂತು, ಆಮೇಲೆ 35, ಈಗ 30. ನಮ್ಮ ದೇಶವೂ ಅನುಸರಿಸುವ, ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ ಫಿಬಾದ ನಿಯಮಾವಳಿ 1956ರಿಂದ 30 ಸೆಕೆಂಡು ಇಟ್ಟುಕೊಂಡಿತ್ತು, 2000ದಲ್ಲಿ 24ಕ್ಕೆ ಬಂತು.

ಶ್ರೇಯಸ್ಸಿನ ಹಂಚಿಕೆ ಮಾತ್ರ ಇನ್ನೂ ನೇರ್ಪಾಗಿಲ್ಲ. ಬಿಯಾಸೋನ್ 1992ರಲ್ಲಿ ತೀರಿಕೊಂಡ, 2000ದಲ್ಲಿ ಆತನ ಹೆಸರು ಹಾಲ್ ಆಫ್ ಫೇಮ್‌ಗೆ ಸೇರಿತು, ಸಿರಕ್ಯೂಸ್‌ನ ಆರ್ಮರಿ ಸ್ಕ್ವೇರ್‌ನಲ್ಲಿ ಶಾಟ್ ಕ್ಲಾಕ್‌ನ ಸ್ಮಾರಕವೂ ಎದ್ದಿತು. ಭಾಗಾಕಾರ ಮಾಡಿದ್ದು ಲಿಯೋ ಫೆರಿಸ್ ಎನ್ನುವವರು ಬಹಳ ಮಂದಿ, ಆದರೆ ಆತನ ಹೆಸರು ದಶಕಗಳ ಕಾಲ ಮೂಲೆಯಲ್ಲೇ ಉಳಿಯಿತು. ಲೆಕ್ಕ ಯಾರದಾದರೂ ಆಗಲಿ, ಅದನ್ನು ಹೊತ್ತುಕೊಂಡು ಸಭೆಯಿಂದ ಸಭೆಗೆ ಹೋಗಿ, ಒಲ್ಲೆನೆಂದ ಮಾಲೀಕರನ್ನು ಬೇಸಗೆಯ ಬಿಸಿಲಲ್ಲಿ ಹೈಸ್ಕೂಲ್ ಜಿಮ್‌ಗೆ ಕರೆಸಿ ಕೂರಿಸಿದ್ದು ಬಿಯಾಸೋನ್. ದೊಡ್ಡ ಪಾಲು ಆತನಿಗೇ ಸಲ್ಲಬೇಕು ಎಂಬುದು ನನ್ನ ಮತ. ಫೆರಿಸ್ ಹೆಸರನ್ನೂ ಅದೇ ಗೋಡೆಯ ಮೇಲೆ ಬರೆಯಲು ಜಾಗವಂತೂ ಇದೆ.